ಮರಿಯ ಹಠವೂ ಒಡೆಯನ ಶೀಲವೂ

‘ನಾಯಿಯ ಬಾಲ ಡೊಂಕು’ ಎಂಬ ಗಾದೆಯನ್ನು ಆಡದ ಮನೆಯಿಲ್ಲ. ಹೇಳಿದ ಮಾತು ಕೇಳದ ಮಗನಿಗೂ, ಎಷ್ಟು ತಿದ್ದಿದರೂ ತಿದ್ದಿಕೊಳ್ಳದ ಆಳಿಗೂ, ದಾರಿಗೆ ಬಾರದ ನೆಂಟನಿಗೂ ಈ ಗಾದೆಯನ್ನು ಅಂಟಿಸಿ ಗೃಹಸ್ಥನು ತನ್ನ ಹೊಣೆಯನ್ನು ಕಳಚಿಕೊಳ್ಳುತ್ತಾನೆ. ಆದರೆ ಬಾಲ ಡೊಂಕಾಗಿರುವುದರಿಂದ ನಾಯಿಗೆ ಬಂದ ಕೊರತೆಯೇನು? ಅದನ್ನು ನೆಟ್ಟಗೆ ಮಾಡೆಂದು ಒಡೆಯನಿಗೆ ಅಪ್ಪಣೆ ಕೊಟ್ಟವರಾರು? ಬಾಲದ ಡೊಂಕು ಹುಟ್ಟಿನಿಂದ ಬಂದುದು. ಅದು ಸೃಷ್ಟಿಕರ್ತನ ಕೆಲಸ. ಒಡೆಯನ ಕೈಯ ಡೊಂಕಾದರೋ ಅಭ್ಯಾಸದಿಂದ ಬಂದುದು. ಅದನ್ನು ತಿದ್ದಿಕೊಳ್ಳುವುದು ಅವನದೇ ಕೆಲಸ. ಪರರನ್ನು ತಿದ್ದಹೊರಡುವ ಮೊದಲು ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬುದು ಶರಣರ ಉಪದೇಶದ ಸಾರ. ಆ ಉಪದೇಶವು ಎಷ್ಟು ಸತ್ಯವೆಂಬುದನ್ನು ಅರಿಯಲು ದೊಡ್ಡ ಗ್ರಂಥಗಳೇ ಬೇಕಾಗಿಲ್ಲ. ಮೊಂಡು ನಾಯಿಮರಿಯೊಂದನ್ನು ಪಳಗಿಸಹೊರಟ ಗೃಹಸ್ಥನ ಪಾಡನ್ನು ನೋಡಿದರೆ ಸಾಕು.

ದೃಷ್ಟಾಂತಕ್ಕಾಗಿ ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಇಚಿಲಂಪಾಡಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅದು ಪಶ್ಚಿಮಘಟ್ಟದ ತಪ್ಪಲಿನ ಸೀಮೆ. ಅಡಿಕೆಯ ತೋಟ, ರಬ್ಬರಿನ ತೋಪು, ಅವುಗಳ ಬೆನ್ನಿಗೇ ಕಾಡು. ಊರವರ ಮನೆಮಾತು ಹೆಚ್ಚಾಗಿ ತುಳು. ಘಟ್ಟದ ಮೇಲಿನಿಂದ ಇಳಿದುಬಂದ ಲಿಂಗವಂತ ಗೃಹಸ್ಥನೊಬ್ಬನು ಅಲ್ಲಿ ತೋಟ ಮಾಡಿಕೊಂಡು ತಾಯಿ, ಮಡದಿ, ಹತ್ತು ವರ್ಷದ ಮಗ ಇವರೊಡನೆ ಬಾಳುತ್ತಿದ್ದಾನೆ. ಕಾಯಕದಲ್ಲಿ ಸೋಮಾರಿತನವಿಲ್ಲ, ನಿತ್ಯದ ಲಿಂಗಪೂಜೆಗೆ ತಪ್ಪಿಲ್ಲ, ಬಂದವರಿಗೆ ಅನ್ನವಿಕ್ಕುವುದರಲ್ಲಿ ಹಿಂಜರಿಕೆಯಿಲ್ಲ. ಕೋಪವೊಂದು ಮಾತ್ರ ಅವನ ವಶದಲ್ಲಿರಲಿಲ್ಲ.

ಹಗಲು ಮಂಗಗಳ ಕಾಟ, ರಾತ್ರಿ ಕಾಡುಹಂದಿಗಳ ಕಾಟ. ತೋಟಕ್ಕೆ ಕಾವಲು ಬೇಕೆಂದು ಅವನು ನೆರೆಮನೆಯಿಂದ ಎರಡು ತಿಂಗಳ ಕರಿಯ ಮರಿಯೊಂದನ್ನು ತಂದನು. ಮಗನು ಅದಕ್ಕೆ ‘ಕಾಳ’ ಎಂದು ಹೆಸರಿಟ್ಟನು. ಒಂದು ವಾರ ಕಳೆಯುವುದರೊಳಗೆ ಮನೆಯೆಲ್ಲ ಅಲ್ಲೋಲಕಲ್ಲೋಲವಾಯಿತು. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ಮರಿಯು ಬಾಯಿತುಂಬ ಕಚ್ಚಿಕೊಂಡು ಹೋಗಿ ಹಟ್ಟಿಯ ಹುಲ್ಲಿನಲ್ಲಿ ಹೂಳಿತು. ಕೆಲಸಕ್ಕೆ ಬಂದವನು ಬಿಚ್ಚಿಟ್ಟ ಹಾಳೆಯ ಟೊಪ್ಪಿಗೆಯನ್ನು ನಾರುನಾರಾಗಿ ಸೀಳಿತು. ಸಾರಿಸಿದ ಜಗಲಿಯ ಮೇಲೆಯೇ ಮೂತ್ರಮಾಡಿತು. ಕರೆದರೆ ಬಾರದು, ಗದರಿಸಿದರೆ ಆಟವೆಂದೆಣಿಸಿ ಪಂಚೆಯ ಅಂಚನ್ನು ಕಚ್ಚಿ ಎಳೆಯುವುದು. ಮರಿಗೆ ಬುದ್ಧಿ ಕಲಿಸಲೆಂದು ಗೃಹಸ್ಥನು ಬೆತ್ತವೊಂದನ್ನು ಕಡಿದು ತಂದು ಜಗಲಿಯ ಕಂಬಕ್ಕೆ ಒರಗಿಸಿಟ್ಟನು.

ಅವನ ಶಿಕ್ಷಣಕ್ರಮ ಇಂಥದು. ಮಧ್ಯಾಹ್ನ ತೋಟದಿಂದ ಬಂದು ಜಗಲಿಯನ್ನು ನೋಡುವನು. ಬೆಳಿಗ್ಗೆ ಮಾಡಿದ ಹೊಲಸು ಕಣ್ಣಿಗೆ ಬೀಳುವುದು. “ಕಾಳಾ, ಬಾ ಬಾ” ಎಂದು ಇಂಪಾಗಿ ಕರೆಯುವನು. ಮರಿಯು ಬಾಲ ಅಲ್ಲಾಡಿಸುತ್ತ ಓಡಿಬರುವುದು. ಬಂದೊಡನೆ ಕತ್ತು ಹಿಡಿದು ಎರಡೇಟು ಬಿಗಿಯುವನು. ನಾಲ್ಕು ದಿನ ಹೀಗೆ ನಡೆದ ಮೇಲೆ ಮರಿಯು ಕರೆದರೆ ಬರುವುದನ್ನೇ ಬಿಟ್ಟಿತು. ಮನೆಯವರು, “ಇದು ಮಹಾ ಹಠಮಾರಿ” ಎಂದರು.

ಒಂದು ಬೆಳಿಗ್ಗೆ ಗೃಹಸ್ಥನು ಮಿಂದು ವಿಭೂತಿ ಧರಿಸಿ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಪೂಜೆಗೆ ಕುಳಿತಿದ್ದನು. ಜಗಲಿಯಲ್ಲಿ ಕಟ್ಟಿಹಾಕಿದ್ದ ಮರಿಯು ಕುಂಯ್‌ಗುಡತೊಡಗಿತು. ಮೊದಲು ಸಹಿಸಿದನು; ಆಮೇಲೆ ಒಳಗಿನಿಂದಲೇ ಗದರಿದನು. ದನಿ ಕೇಳಿದೊಡನೆ ಮರಿಯ ಕೂಗು ಇಮ್ಮಡಿಯಾಯಿತು. ಕೊನೆಗೆ ಲಿಂಗವನ್ನು ಕರಡಿಗೆಯಲ್ಲಿರಿಸಿ ಎದ್ದುಬಂದು ಬೆತ್ತವನ್ನು ತೆಗೆದುಕೊಂಡನು. ಮರಿಯ ಕಿರುಚಾಟಕ್ಕೆ ಮಗನು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತನು. ಗೃಹಸ್ಥನು ಮತ್ತೆ ಕೈಕಾಲು ತೊಳೆದು ಪೂಜೆಗೆ ಕೂಡಲು ಹೋದಾಗ ಹಣ್ಣುಹಣ್ಣು ಮುದುಕಿಯಾದ ತಾಯಿ ಕೇಳಿದಳು: “ಮಗಾ, ಬೆತ್ತ ಹಿಡಿದ ಕೈ ಬೇರೆ, ಲಿಂಗ ಹಿಡಿಯುವ ಕೈ ಬೇರೆ ಇದೆಯೇನಪ್ಪ ನಿನಗೆ?” ಅವನು ಉತ್ತರ ಕೊಡಲಿಲ್ಲ. ಅಂದು ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಆ ತಾಯಿಯ ಪ್ರಶ್ನೆ ಬಹಳ ಹಳೆಯದು. ಮಹಾಭಾರತದ ಕಥೆಯು ಆರಂಭವಾಗುವಲ್ಲಿಯೇ, ಆದಿಪರ್ವದ ಪೌಷ್ಯಪ್ರಕರಣದಲ್ಲಿ, ನಾಯಿಮರಿಯೊಂದರ ಅಳು ಕೇಳಿಬರುತ್ತದೆ. ಜನಮೇಜಯರಾಜನು ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ಮಾಡುತ್ತಿದ್ದನು. ದೇವಶುನಿಯಾದ ಸರಮೆಯ ಮರಿಯೊಂದು ಅಲ್ಲಿಗೆ ಬಂದಿತು. ರಾಜನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಅದನ್ನು ಹೊಡೆದಟ್ಟಿದರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಯಿತು. ತಪ್ಪು ಮಾಡಿರಬೇಕೆಂದು ತಾಯಿ ಕೇಳಲು, ತಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲ ಎಂದಿತು. ಸರಮೆಯು ಯಜ್ಞಶಾಲೆಗೆ ಬಂದು ನ್ಯಾಯ ಕೇಳಿದಳು, ಅರಸುಮಕ್ಕಳು ಮಾತನಾಡಲಿಲ್ಲ. ನಿರಪರಾಧಿಯನ್ನು ಹೊಡೆದುದರಿಂದ ಕಾಣದ ಭಯವೊಂದು ನಿಮ್ಮನ್ನು ಮುತ್ತಲಿ ಎಂದು ಅವಳು ಶಪಿಸಿದಳು. ಜನಮೇಜಯನಂಥ ಚಕ್ರವರ್ತಿಯೂ ಇದನ್ನು ಕೇಳಿ ಕಳವಳಗೊಂಡು, ಶಾಪಶಾಂತಿಗೆ ತಕ್ಕ ಪುರೋಹಿತನನ್ನು ಹುಡುಕಬೇಕಾಯಿತು. ಯಜ್ಞದ ಪಕ್ಕದಲ್ಲಿಯೇ ನಿರಪರಾಧಿಯ ಅಳುವಿದ್ದರೆ ಆ ಯಜ್ಞಕ್ಕೆ ಶಾಂತಿಯಿಲ್ಲವೆಂಬುದು ಈ ಕಥೆಯ ಇಂಗಿತ.

ಸರಮೆಯು ಹೇಳಿದ ಕಾಣದ ಭಯವು ಇಚಿಲಂಪಾಡಿಯ ಆ ಮನೆಗೂ ಬಂದಿತು. ಮರಿಗೆ ಆಗ ನಾಲ್ಕು ತಿಂಗಳು. ಮುಸ್ಸಂಜೆಯ ಹೊತ್ತಿನಲ್ಲಿ ಅದು ಕೊರಳಪಟ್ಟಿಯಿಂದ ತಲೆ ನುಸುಳಿಸಿಕೊಂಡು ತೋಟಕ್ಕೆ ಓಡಿಹೋಯಿತು. ಸ್ವಲ್ಪ ಹೊತ್ತಿನಲ್ಲಿ ಆಚೆಮನೆಯ ನಾಯಿಗಳೆಲ್ಲ ಒಟ್ಟಾಗಿ ಬೊಗಳಿ, ಒಮ್ಮೆಲೇ ಮೌನವಾದುವು. ಕಾಡಿನ ಅಂಚಿನಿಂದ ಗರಗಸವನ್ನು ಎಳೆದಂತಹ ಸದ್ದು ಕೇಳಿಬಂದಿತು. ಅದು ಚಿರತೆಯ ಕೂಗು. ಚಿರತೆ ಅಂಗಳಕ್ಕೇ ಬಂದು ನಾಯಿಯನ್ನು ಹೊತ್ತೊಯ್ಯುವುದು ತಪ್ಪಲಿನ ಊರುಗಳಲ್ಲಿ ಅಪೂರ್ವವೇನಲ್ಲ. ಗೃಹಸ್ಥನು ದೀಪ ಹಿಡಿದು ಅಂಗಳದ ಅಂಚಿಗೆ ಓಡಿದನು. ಬೆಳಕಿನಲ್ಲಿ ಮರಿಯ ಎರಡು ಕಣ್ಣುಗಳು ತೋಡಿನ ಆಚೆ ಹೊಳೆದುವು. “ಕಾಳಾ, ಬಾ!” ಎಂದು ಕೂಗಿದನು. ಮರಿಯು ನೆಲಕ್ಕೆ ಹತ್ತಿ ಕುಳಿತಿತು. ಇನ್ನೂ ಗಟ್ಟಿಯಾಗಿ ಕೂಗಿದನು. ಅದು ಹಿಂದುಹಿಂದಕ್ಕೆ, ಕತ್ತಲೆಯ ಕಡೆಗೆ ಸರಿಯಿತು. ಚಿರತೆಗಿಂತ ಒಡೆಯನ ಕರೆಯೇ ಅದಕ್ಕೆ ಹೆಚ್ಚಿನ ಭಯವಾಗಿದ್ದಿತು.

ಆಗ ಮುದುಕಿಯು ಜಗಲಿಗೆ ಬಂದು, ಮರಿಗೆ ಅನ್ನ ಹಾಕುವ ತಟ್ಟೆಯನ್ನು ಬೆರಳಿನಿಂದ ತಟ್ಟಿ, ದಿನವೂ ಕರೆಯುವ ದನಿಯಲ್ಲಿಯೇ, “ಬಾರಪ್ಪ ಕಾಳ” ಎಂದಳು. ಮರಿಯು ತೋಡು ಹಾರಿ, ಒಡೆಯನನ್ನು ಬಳಸಿಕೊಂಡು ಓಡಿ ಅವಳ ಸೆರಗಿನಡಿ ಸೇರಿತು. ಮರುದಿನ ಬೆಳಿಗ್ಗೆ ತೋಡಿನ ಕೆಸರಿನಲ್ಲಿ ಚಿರತೆಯ ಹೆಜ್ಜೆಗಳು ಮೂಡಿದ್ದುವು. ಗೃಹಸ್ಥನು ಬಹಳ ಹೊತ್ತು ಅವನ್ನೇ ನೋಡುತ್ತ ನಿಂತಿದ್ದನು.

ಮುದುಕಿಯ ಬಳಿ ಯಾವ ಮಂತ್ರವೂ ಇರಲಿಲ್ಲ. ಅವಳು ಕರೆದಾಗಲೆಲ್ಲ ಕೈಯಲ್ಲಿ ತುತ್ತಿರುತ್ತಿತ್ತು. ತುತ್ತಿಲ್ಲದಿದ್ದರೆ ತಲೆ ಸವರುತ್ತಿದ್ದಳು. ಅವಳ ಕರೆಯು ಒಂದು ದಿನವೂ ಸುಳ್ಳಾಗಿರಲಿಲ್ಲ. ಮಗನ ಕರೆಯಾದರೋ ಇಂಪಾಗಿ ಆರಂಭವಾಗಿ ಏಟಿನಲ್ಲಿ ಮುಗಿಯುತ್ತಿತ್ತು. ನುಡಿಯೊಂದು ನಡೆಯೊಂದು ಆಗಬಾರದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದರು. ಸಭೆಯಲ್ಲಿ ಕುಳಿತು ಇದಕ್ಕೆ ತಲೆದೂಗುವ ಭಕ್ತನು ಮನೆಯಲ್ಲಿ ನಾಯಿಮರಿಗೆ ಸುಳ್ಳು ಹೇಳುತ್ತಿದ್ದನು. ಮರಿಯು ಅವಿಧೇಯವಾಗಿರಲಿಲ್ಲ, ಒಡೆಯನು ಕಲಿಸಿದ ಪಾಠವನ್ನೇ ಚೆನ್ನಾಗಿ ಕಲಿತಿದ್ದಿತು.

ಪ್ರಾಣಿಶಾಸ್ತ್ರವನ್ನು ಬಲ್ಲವರ ಮಾತೂ ಇದಕ್ಕೆ ಅನುಕೂಲವಾಗಿಯೇ ಇದೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದ ರಷ್ಯಾದೇಶದ ಇವಾನ್ ಪಾವ್ಲೊವ್ ಎಂಬ ವಿಜ್ಞಾನಿಯು, ಆಹಾರಕ್ಕೆ ಮುಂಚೆ ದಿನವೂ ಒಂದು ಸಂಜ್ಞೆಯನ್ನು ಕೊಡುತ್ತ ಬಂದರೆ, ಮುಂದೆ ಆ ಸಂಜ್ಞೆಯೊಂದಕ್ಕೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿಕೊಟ್ಟನು. ತುತ್ತಿನೊಡನೆ ಕೂಡಿಬಂದ ದನಿ ತುತ್ತಿನಂತೆಯೇ ಹಿತವಾಗುವುದು; ಏಟಿನೊಡನೆ ಕೂಡಿಬಂದ ದನಿ ಏಟಿನಂತೆಯೇ ನೋಯಿಸುವುದು. ಇನ್ನು ಹಠವೆಂದು ಜನರು ಎಣಿಸುವುದರಲ್ಲಿ ಬಹುಪಾಲು ಎಳೆತನದ ಕಷ್ಟವೇ ಆಗಿದೆ. ಮರಿಯು ಸಿಕ್ಕಿದ್ದನ್ನೆಲ್ಲ ಕಚ್ಚುವುದೇಕೆ? ಮೂರು ನಾಲ್ಕು ತಿಂಗಳಿನಿಂದ ಅದರ 28 ಹಾಲುಹಲ್ಲುಗಳು ಉದುರತೊಡಗಿ, ಆರೇಳು ತಿಂಗಳ ಹೊತ್ತಿಗೆ 42 ಹಲ್ಲುಗಳು ಮೂಡುತ್ತವೆ, ಒಸಡು ನೋಯುತ್ತದೆ. ಜಗಲಿಯನ್ನು ಕೆಡಿಸುವುದೇಕೆ? ಎರಡು ತಿಂಗಳ ಮರಿಯು ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರವನ್ನು ತಡೆದುಕೊಳ್ಳಲಾರದು. ಒಂಟಿಯಾಗಿ ಕಟ್ಟಿದಾಗ ಕೂಗುವುದೇಕೆ? ನಿನ್ನೆ ಮೊನ್ನೆಯವರೆಗೆ ತಾಯಿಯ ಹೊಟ್ಟೆಗೊತ್ತಿ ಮಲಗುತ್ತಿದ್ದ ಕೂಸದು. ಕೆಲವು ಗುಣಗಳು ತಳಿಯಿಂದಲೇ ಬರುತ್ತವೆ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳದ ಬೇಟೆನಾಯಿಯು ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು. ಅದು ಹಠವಲ್ಲ, ತಲೆಮಾರುಗಳ ಸಂಸ್ಕಾರ.

ಹಾಗಾದರೆ ಮರಿಯನ್ನು ಅದರ ಇಚ್ಛೆಗೇ ಬಿಟ್ಟುಬಿಡಬೇಕೆ? ಅಲ್ಲ. ದಯೆಯೆಂದರೆ ಸಡಿಲಿಕೆಯಲ್ಲ. ಕರೆದರೆ ಬಾರದ ನಾಯಿ ಚಿರತೆಯ ಬಾಯಿಗೆ ಬೀಳುವುದು, ಇಲ್ಲವೆ ರಸ್ತೆಯಲ್ಲಿ ಗಾಡಿಯಡಿ ಸಿಕ್ಕುವುದು. ಶಿಕ್ಷಣವು ಬೇಕೇಬೇಕು, ಅದರ ಕ್ರಮ ಯಾವುದೆಂಬುದೇ ಪ್ರಶ್ನೆ. ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತನಿಗೆ ಶ್ರದ್ಧೆಯನ್ನೂ, ಮಹೇಶನಿಗೆ ನಿಷ್ಠೆಯನ್ನೂ, ಪ್ರಸಾದಿಗೆ ಅವಧಾನವನ್ನೂ ಹೇಳಿದೆ. ಇವು ಲಿಂಗದಲ್ಲಿ ತೋರಬೇಕಾದ ಗುಣಗಳು, ನಿಜ. ಆದರೆ ಪೂಜೆಯ ಕೋಣೆಯಲ್ಲಿ ಮಾತ್ರ ಇದ್ದು ಹೊಸ್ತಿಲು ದಾಟಿದೊಡನೆ ಮಾಯವಾಗುವ ಗುಣವನ್ನು ಗುಣವೆನ್ನುವುದು ಹೇಗೆ?

ಶ್ರದ್ಧೆಯೆಂದರೆ ಇಲ್ಲಿ, ಈ ಮರಿಯು ಕಲಿಯಬಲ್ಲುದು ಎಂಬ ನಂಬಿಕೆ. ಹಾವಿನಹಾಳದ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂದು ಶರಣರ ಕಥೆಗಳು ಹೇಳುತ್ತವೆ. ಅದು ಶರಣರ ಮಹಿಮೆ. ಗೃಹಸ್ಥನಿಗೆ ಅಷ್ಟು ಬೇಕಾಗಿಲ್ಲ. ‘ಬಾ’, ‘ಕೂರು’, ‘ಬಿಡು’, ‘ನಿಲ್ಲು’ ಎಂಬ ನಾಲ್ಕು ಮಾತು ಸಾಕು. ಆದರೆ ಕೀಳೆಂದು ಎಣಿಸಿದ ಜೀವದಲ್ಲಿಯೂ ಅರಿವಿಗೆ ಎಡೆಯುಂಟೆಂಬ ಆ ಕಥೆಯ ಭಾವವಿಲ್ಲದೆ ಆ ನಾಲ್ಕು ಮಾತನ್ನೂ ಕಲಿಸಲಾಗದು. ಮೊಂಡೆಂದು ಮೊದಲೇ ತೀರ್ಮಾನಿಸಿದವನ ಕಣ್ಣಿಗೆ ಮರಿಯ ತಪ್ಪುಗಳು ಮಾತ್ರ ಕಾಣುವುವು.

ನಿಷ್ಠೆಯೆಂದರೆ ಒಂದೇ ಮಾತು, ಒಂದೇ ಅರ್ಥ, ಎಲ್ಲರ ಬಾಯಲ್ಲಿಯೂ, ಎಲ್ಲ ದಿನವೂ. ಊಟಕ್ಕೆ ಕುಳಿತಾಗ ತಂದೆಯು “ಹೋಗು” ಎಂದು ಗದರಿಸುವುದು, ಮಗನು ಮರೆಯಲ್ಲಿ ದೋಸೆಯ ಚೂರನ್ನು ಎಸೆಯುವುದು. ಇಂದು ಚಪ್ಪಲಿಯನ್ನು ಕಚ್ಚಿದರೆ ನಗುವುದು, ನಾಳೆ ಹೊಡೆಯುವುದು. ಇಂತಹ ಮನೆಯಲ್ಲಿ ಮರಿಯು ಯಾರ ಮಾತನ್ನು ನಂಬಬೇಕು? ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲ ಐದು ನಿಮಿಷ ಕಲಿಸಿದರೆ ಸಾಕು. ಆದರೆ ತಪ್ಪದೆ ಕಲಿಸಬೇಕು. ಮಲಗಿ ಎದ್ದೊಡನೆ, ತಿಂದೊಡನೆ, ಆಡಿ ಮುಗಿಸಿದೊಡನೆ ಮರಿಯನ್ನು ಹೊರಗೆ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಇಷ್ಟು ಮಾಡಿದರೆ ಜಗಲಿಯ ತಂಟೆ ಕೆಲವು ವಾರಗಳಲ್ಲಿ ಮುಗಿಯುವುದು.

ಅವಧಾನವೆಂದರೆ ಆಯಾ ಕ್ಷಣದಲ್ಲಿ ಎಚ್ಚರವಾಗಿರುವುದು. ಮರಿಯು ಮಾಡಿದ ಒಳ್ಳೆಯದಕ್ಕೆ ಒಂದೆರಡು ಕ್ಷಣಗಳೊಳಗೇ ತುತ್ತನ್ನೋ ಮೆಚ್ಚುಗೆಯನ್ನೋ ಕೊಡಬೇಕು. ತಡವಾದರೆ ಏತಕ್ಕೆ ಬಂದಿತೆಂಬುದು ಅದಕ್ಕೆ ತಿಳಿಯದು. ಬೆಳಿಗ್ಗೆಯ ತಪ್ಪಿಗೆ ಮಧ್ಯಾಹ್ನ ಕೊಟ್ಟ ಶಿಕ್ಷೆಯೂ ಹಾಗೆಯೇ. ಆಗ ಮರಿಯು ಕಿವಿ ಜೋಲಿಸಿ ತಲೆ ತಗ್ಗಿಸುವುದನ್ನು ಕಂಡು, ತಪ್ಪೊಪ್ಪಿಕೊಂಡಿತೆಂದು ಒಡೆಯನು ಎಣಿಸುವನು. ಅದು ಪಶ್ಚಾತ್ತಾಪವಲ್ಲ, ಸಿಟ್ಟೇರಿದ ಮುಖವನ್ನು ಕಂಡ ಹೆದರಿಕೆ. ಹೆದರಿದ ನಾಯಿ ಒಂದಲ್ಲ ಒಂದು ದಿನ ಕಚ್ಚುವುದು, ಅದೂ ಹೆಚ್ಚಾಗಿ ಮಕ್ಕಳನ್ನೇ. ಆದುದರಿಂದ ಮೂರು ತಿಂಗಳಿಗೆ ಮರಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸುವುದು ಒಡೆಯನ ಕರ್ತವ್ಯ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಾಯಿತ, ನಾಟಿಮದ್ದು ಎಂದು ತಡಮಾಡಿದರೆ ಪ್ರಾಣಕ್ಕೆ ಎರವಾಗುವುದು.

ಆ ಗೃಹಸ್ಥನು ಬೆತ್ತವನ್ನು ಒಲೆಗೆ ಹಾಕಿದನು. ಕೋಪವೇನೂ ಅಂದೇ ಉರಿದುಹೋಗಲಿಲ್ಲ. ತನ್ನ ದನಿಗೆ ಮರಿಯು ಬೆದರುವುದರಿಂದ ‘ಬಾ’ ಎಂಬ ಮಾತನ್ನೇ ಅವನು ಕೆಲವು ವಾರ ಆಡಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅಂಗೈಯಲ್ಲಿ ತುತ್ತಿಟ್ಟು ಸುಮ್ಮನೆ ಕಾಯುವನು. ಮೊದಲ ದಿನಗಳಲ್ಲಿ ಮರಿಯು ಹತ್ತು ಮಾರು ದೂರದಲ್ಲಿ ನಿಂತು ನೋಡಿ ಹಿಂದಿರುಗುತ್ತಿತ್ತು. ತೋಟದ ಕೆಲಸ ಕಾದಿರುವಾಗ ನಾಯಿಗಾಗಿ ಹೀಗೆ ಕುಳಿತಿರುವುದು ಅವನಿಗೆ ಅವಮಾನವೆನಿಸುತ್ತಿತ್ತು. ತನಗಿಂತ ಕಿರಿದಾದ ಜೀವವಿಲ್ಲವೆಂದು ಬಾಗಿ ನಡೆಯುವ ಭೃತ್ಯಾಚಾರವನ್ನು ಅವನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದನು. ಅಂಗಳದ ಧೂಳಿನಲ್ಲಿ ಕುಳಿತು ಕಲಿತದ್ದು ಅದೇ ಮೊದಲು. ತಿಂಗಳು ಕಳೆದ ಮೇಲೆ ಒಂದು ಸಂಜೆ ಮರಿಯು ಬಂದು ಅಂಗೈಯಿಂದ ತುತ್ತನ್ನು ತಿಂದಿತು. ತಿಂದ ಮೇಲೂ ಹೋಗದೆ ಅಲ್ಲಿಯೇ ನಿಂತಿತು.

ಇಷ್ಟರಲ್ಲಿ ಬೇರೊಂದು ಸಂಗತಿ ನಡೆಯಿತು. ಕಾಳನು ಸೌದೆಯ ಕೊಟ್ಟಿಗೆಯನ್ನು ಕೆದಕಿ ಕಾಗದವೊಂದನ್ನು ಕಚ್ಚಿಕೊಂಡು ಬಂದನು. ಅದು ಮಗನ ಅಂಕಪಟ್ಟಿ. ತಂದೆಗೆ ತೋರಿಸದೆ ಹುಡುಗನು ಎರಡು ತಿಂಗಳಿನಿಂದ ಅದನ್ನು ಅಲ್ಲಿ ಅಡಗಿಸಿಟ್ಟಿದ್ದನು, ಗಣಿತದಲ್ಲಿ ಅನುತ್ತೀರ್ಣನಾಗಿದ್ದನು. ಗೃಹಸ್ಥನು “ಮಗಾ, ಬಾ ಇಲ್ಲಿ” ಎಂದು ಕರೆದನು. ಹುಡುಗನು ಹೊರಗೆ ಬಂದು, ತಂದೆಯ ಕೈಯಲ್ಲಿದ್ದ ಕಾಗದವನ್ನು ಕಂಡು, ಅಂಗಳದ ಆಚೆ ತುದಿಯಲ್ಲಿ ನಿಂತುಬಿಟ್ಟನು. ಹೆಗಲು ಕುಗ್ಗಿದ್ದುವು, ಒಂದು ಕಾಲು ಹಿಂದಕ್ಕೆ ಸರಿದಿದ್ದಿತು. ತೋಡಿನ ಆಚೆ ಮರಿಯು ಕುಳಿತಿದ್ದ ರೀತಿಯನ್ನೇ ತಂದೆಯು ಅವನಲ್ಲಿ ಕಂಡನು. ಎರಡನೆಯ ಸಲ ಕರೆಯಲು ತೆರೆದ ಬಾಯನ್ನು ಮುಚ್ಚಿಕೊಂಡನು. ಕಾಗದವನ್ನು ಮಡಿಚಿ ಪಕ್ಕದಲ್ಲಿಟ್ಟು ಜಗಲಿಯ ಮೆಟ್ಟಿಲ ಮೇಲೆ ಕುಳಿತನು. ಬಹಳ ಹೊತ್ತಾದ ಮೇಲೆ ಹುಡುಗನು ಬಂದು ಒಂದು ಮೆಟ್ಟಿಲು ಕೆಳಗೆ ಕುಳಿತು, “ಅಪ್ಪಾ, ಭಿನ್ನರಾಶಿ ನನಗೆ ಅರ್ಥವಾಗುವುದಿಲ್ಲ” ಎಂದನು. ತಂದೆಯು ಅಂಗಳದಿಂದ ಒಂದು ಹಿಡಿ ಅಡಿಕೆಯನ್ನು ತರಿಸಿ, ಅರ್ಧ, ಕಾಲು ಎಂದು ಭಾಗಮಾಡಿ ತೋರಿಸತೊಡಗಿದನು. ಕಾಳನು ಅದರಲ್ಲಿ ಒಂದನ್ನು ಕಚ್ಚಿಕೊಂಡು ಓಡಿದನು, ಇಬ್ಬರೂ ನಕ್ಕರು.

ಮರಿಯು ಹಾಗೆ ಸೌದೆಯನ್ನು ಕೆದಕದಿದ್ದರೆ ಆ ತಂದೆಗೆ ತನ್ನ ಮಗನ ಭಯ ಇನ್ನೆಷ್ಟು ವರ್ಷ ತಿಳಿಯದಿರುತ್ತಿತ್ತೋ! ಮಕ್ಕಳಿಗೂ ಮರಿಗಳಿಗೂ ಭೇದವುಂಟು. ಮಕ್ಕಳಿಗೆ ಮಾತು ಬರುತ್ತದೆ. ಆದರೆ ಕರೆದ ಕೊರಳನ್ನು ನಂಬಬಹುದೆ ಎಂಬ ಪ್ರಶ್ನೆಯು ಇಬ್ಬರಿಗೂ ಒಂದೇ. ಭಯದಿಂದ ದೂರ ಸರಿದ ನಾಯಿ ಕಾಡಿಗೆ ಹೋಗುವುದು. ಭಯದಿಂದ ದೂರ ಸರಿದ ಮಗನು ಮನೆಯಲ್ಲಿದ್ದೇ ದೂರವಾಗುವನು.

ಕನ್ನಡನಾಡು ನಾಯಿಯ ನಿಷ್ಠೆಯನ್ನು ಕಲ್ಲಿನಲ್ಲಿ ಬರೆಯಿಸಿದ ನಾಡು. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ವೀರಗಲ್ಲೊಂದು ಇದಕ್ಕೆ ಸಾಕ್ಷಿ. ಗಂಗರ ಬೂತುಗನು ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಮಣಲೆರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಒಡೆಯನು ಶಿವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಕಟ್ಟಳೆಯಾಯಿತು. ಮಹಾಭಾರತವೂ ನಾಯಿಮರಿಗೆ ಬಿದ್ದ ಏಟಿನಿಂದ ಆರಂಭವಾಗಿ, ತನ್ನನ್ನು ನಂಬಿ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಧರ್ಮರಾಯನ ಮಾತಿನೊಡನೆ ಮುಗಿಯುವ ಹಂತಕ್ಕೆ ಬರುತ್ತದೆ. ನಡುವಣ ಪರ್ವಗಳ ಧರ್ಮವೆಲ್ಲ ಆ ಏಟಿಗೂ ಈ ಮಾತಿಗೂ ನಡುವಿನ ದಾರಿಯೆಂದರೆ ತಪ್ಪಾಗಲಾರದು.

ಕಾಳನು ಈಗಲೂ ಒಮ್ಮೊಮ್ಮೆ ಚಪ್ಪಲಿಯನ್ನು ಹೊತ್ತೊಯ್ಯುವನು. ಆದರೆ ಕತ್ತಲೆಯಾದೊಡನೆ ಒಡೆಯನು ಒಂದು ಸಲ ಕರೆದರೆ ತೋಟದ ಯಾವ ಮೂಲೆಯಲ್ಲಿದ್ದರೂ ಓಡಿಬರುವನು. ಬೆಳಗಿನ ಪೂಜೆಯ ಹೊತ್ತಿನಲ್ಲಿ ಜಗಲಿಯ ಮೆಟ್ಟಿಲ ಬಳಿ ಮುಂಗಾಲಿನ ಮೇಲೆ ಮೋರೆಯಿಟ್ಟು ಮಲಗುವನು. ಒಳಗೆ ಗೃಹಸ್ಥನ ಅಂಗೈಯಲ್ಲಿ ಲಿಂಗವು ನೆಲೆಸಿರುವುದು. ತಾಯಿಯು ಮತ್ತೆ ಆ ಪ್ರಶ್ನೆಯನ್ನು ಕೇಳಿಲ್ಲ.

ಮನೆಗೆ ಮರಿಯನ್ನು ತರುವ ಸದ್ಭಕ್ತರು ಅದಕ್ಕೆ ಹಗ್ಗವನ್ನೂ ತಟ್ಟೆಯನ್ನೂ ಅಣಿಮಾಡುವಾಗ ತಮ್ಮ ಮಾತನ್ನೂ ಕೈಯನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸಕಲ ಜೀವರಿಗೂ ಲೇಸಾಗಲಿ.